ಅಪ್‌ಡೇಟ್: ಜಾಡಿಯ ಲೇಬಲ್‌ಗಳಲ್ಲಿನ ಗುಳ್ಳೆ ಮತ್ತು ಸುಕ್ಕು

ಕೈಯಿಂದ ತಯಾರಿಸಿದ ಮುಲಾಮಿನ ಗಾಜಿನ ಜಾಡಿಗಳಿಗೆ ಲೇಬಲ್ ಅಂಟಿಸುವಾಗ ಗುಳ್ಳೆಗಳೂ ಅಂಚಿನ ಸುಕ್ಕುಗಳೂ ಏಕೆ ಬರುತ್ತವೆ ಎಂದು ಹಿಂದೆ ಕೇಳಿದ್ದೆ. ಬಂದ ಸಲಹೆಗಳನ್ನು ಪ್ರಯತ್ನಿಸಿ ಕಂಡುಕೊಂಡದ್ದನ್ನು ಇಲ್ಲಿ ತಿಳಿಸುತ್ತಿದ್ದೇನೆ.

ಗುಳ್ಳೆಗಳ ಸಮಸ್ಯೆ ಸುಲಭವಾಗಿ ಬಗೆಹರಿಯಿತು. ಜಾಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ, ಹಿಂಬದಿಯ ಕಾಗದವನ್ನು ಒಂದು ಅಂಚಿನಲ್ಲಷ್ಟೇ ಬಿಡಿಸಿ ಅಂಟಿಸಿ, ಉಳಿದುದನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತ ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಕಾರ್ಡಿನಿಂದ ಒತ್ತುತ್ತ ಹೋದರೆ ಗಾಳಿ ಒಳಗೆ ಸಿಕ್ಕಿಕೊಳ್ಳುವುದಿಲ್ಲ. ಅಂಟಿಸುವ ಮೊದಲು ಜಾಡಿಗೆ ಸೋಪುನೀರು ಸಿಂಪಡಿಸುವ ಉಪಾಯ ವಿನೈಲ್ (ಒಂದು ಬಗೆಯ ಪ್ಲಾಸ್ಟಿಕ್) ಲೇಬಲ್‌ಗಳಿಗೆ ಒಗ್ಗುತ್ತದೆ. ಕಾಗದದ ಲೇಬಲ್ ನೀರು ಹೀರಿ ಉಬ್ಬುವುದರಿಂದ ಅದಕ್ಕೆ ಸಲ್ಲದು.

ಸುಕ್ಕಿಗೆ ಮಾತ್ರ ಕೈಚಳಕ ಪರಿಹಾರವಲ್ಲ, ಏಕೆಂದರೆ ಕಾರಣವಿರುವುದು ಜಾಡಿಯ ಆಕಾರದಲ್ಲಿ. ಕೆಳಗೆ ಕಿರಿದಾಗುತ್ತ ಹೋಗುವ ಜಾಡಿಯ ಮೈ ಶಂಕುವಿನ ತುಂಡಾಗಿದ್ದು, ಅದನ್ನು ಸಮತಟ್ಟಾಗಿ ಬಿಡಿಸಿದರೆ ಸಿಗುವುದು ಬಾಗಿದ ಪಟ್ಟಿಯೇ ಹೊರತು ಆಯತವಲ್ಲ. ಆದ್ದರಿಂದ ಸುತ್ತಲೂ ಹಬ್ಬುವ ನೇರ ಲೇಬಲ್ ಎಷ್ಟೇ ಜಾಗ್ರತೆಯಿಂದ ಅಂಟಿಸಿದರೂ ಕಿರಿದಾದ ಕಡೆ ಮಡಿಕೆ ಬೀಳುತ್ತದೆ, ಇಲ್ಲವೇ ತುದಿಗಳು ಓರೆಯಾಗಿ ಸಂಧಿಸುತ್ತವೆ. (ಇದನ್ನು ಯಾವ ಲೇಬಲ್ ಪೊಟ್ಟಣವೂ ಏಕೆ ಹೇಳುವುದಿಲ್ಲವೋ!) ಜಾಡಿಗೆ ಬಿಳಿ ಕಾಗದ ಸುತ್ತಿ, ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಪೆನ್ಸಿಲಿನಿಂದ ಗುರುತಿಸಿ, ಆ ಬಾಗಿದ ಅಚ್ಚಿನಂತೆಯೇ ಲೇಬಲ್ ಕತ್ತರಿಸಿದ ಮೇಲೆ ಸುಕ್ಕು ಮಾಯವಾಯಿತು. ಅಷ್ಟು ಶ್ರಮ ಬೇಡವೆನ್ನುವವರು ಮುಂಭಾಗಕ್ಕೆ ಮಾತ್ರ ಚಿಕ್ಕ ಲೇಬಲ್ ಹಚ್ಚಬಹುದು.

ಅಂಟು ಪೂರ್ಣ ಬಲ ಪಡೆಯಲು ಸಾಮಾನ್ಯವಾಗಿ 24 ಗಂಟೆಯಾದರೂ ಬೇಕಾಗುವುದರಿಂದ, ಈಗ ಲೇಬಲ್ ಹಚ್ಚಿದ ಮರುದಿನವೇ ಜಾಡಿಗಳನ್ನು ತುಂಬುತ್ತಿದ್ದೇನೆ.