ಕಫದ ಕೆಮ್ಮಿಗೆ ಊರಿನಿಂದ ತಂದ ಸಿರಪ್ ಕೊಡಬಹುದೇ?

(ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಮಾತುಕತೆ, ಹೆಸರಿನ ಬದಲು ಅವರವರ ಊರು)

ಸ್ಲೌ, ನಾಲ್ಕು ವರ್ಷದ ಮಗನ ತಾಯಿ:
ಎಲ್ಲರಿಗೂ ನಮಸ್ಕಾರ. ನರ್ಸರಿಗೆ ಸೇರಿದಾಗಿನಿಂದ ಮಗನಿಗೆ ನೆಗಡಿ ಬಿಟ್ಟಿಲ್ಲ. ಈಗ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿದೆ. ರಾತ್ರಿ ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಳ್ಳುತ್ತಾನೆ. ಜ್ವರವಿಲ್ಲ, ಹಗಲು ಚೆನ್ನಾಗಿಯೇ ಆಡುತ್ತಾನೆ. ಜಿಪಿ (ಇಲ್ಲಿನ ಕುಟುಂಬ ವೈದ್ಯರು) ಪರೀಕ್ಷಿಸಿ, ವೈರಲ್ ಎಂದು ಹೇಳಿ ಬರಿಗೈಯಲ್ಲಿ ಕಳುಹಿಸಿದರು. ಅಮ್ಮ ಮೈಸೂರಿನಿಂದ ಸಿರಪ್ ತಂದಿದ್ದಾರೆ. ಲೇಬಲ್‌ನಲ್ಲಿ ಟರ್ಬುಟಲಿನ್, ಬ್ರೋಮ್‌ಹೆಕ್ಸಿನ್, ಗ್ವಾಯಿಫೆನೆಸಿನ್ ಎಂದಿದೆ. ಅರ್ಧ ಚಮಚ ಕೊಡಲೇ?

ಮಿಲ್ಟನ್ ಕೀನ್ಸ್:
ಸಿರಪ್ ಯಾಕಮ್ಮಾ? ದೊಡ್ಡಪತ್ರೆ ಎಲೆಯನ್ನು ಕಾದ ಕಾವಲಿಯ ಮೇಲೆ ಬಾಡಿಸಿ, ಹಿಂಡಿ, ಆ ರಸಕ್ಕೆ ಜೇನು ಬೆರೆಸಿ ಕೊಡು. ನನ್ನ ಇಬ್ಬರು ಮಕ್ಕಳೂ ಅದರಲ್ಲೇ ಬೆಳೆದರು. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಗಿಡವಿದೆ, ಬಂದರೆ ಕಡ್ಡಿ ಕೊಡುತ್ತೇನೆ.

ರೆಡಿಂಗ್, ಫಾರ್ಮಸಿಸ್ಟ್:
ದಯವಿಟ್ಟು ಕೊಡಬೇಡಿ. ಆರು ವರ್ಷದೊಳಗಿನ ಮಕ್ಕಳಿಗೆ ಅಂಗಡಿಯ ಕೆಮ್ಮು-ನೆಗಡಿ ಔಷಧಿ ಬೇಡವೆಂದು ಇಲ್ಲಿನ ಔಷಧ ನಿಯಂತ್ರಕರು 2009ರಲ್ಲೇ ಹೇಳಿದ್ದಾರೆ. ಗ್ವಾಯಿಫೆನೆಸಿನ್ ಕೂಡ ಅದರಲ್ಲಿ ಸೇರಿದೆ. ಅದು ಕಫವನ್ನು ತೆಳುಮಾಡುವ ಔಷಧಿ, ಆದರೆ ಪುಟ್ಟ ಮಕ್ಕಳಲ್ಲಿ ಕೆಲಸ ಮಾಡುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಟರ್ಬುಟಲಿನ್ ಶ್ವಾಸನಾಳ ಹಿಗ್ಗಿಸುವ ಔಷಧಿ. ಕೈ ನಡುಗಬಹುದು, ಎದೆ ಡವಡವ ಎನ್ನಬಹುದು. ನಿಮ್ಮ ಮಗುವಿಗೆ ವರ್ಷ ತುಂಬಿದೆ, ಹಾಗಾಗಿ ಮಲಗುವಾಗ ಜೇನು ಕೊಡಬಹುದು. ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಬಾಟ್ಯುಲಿಸಂ ಎಂಬ ಅಪಾಯಕಾರಿ ವಿಷಬಾಧೆಯ ಭಯವಿದೆ. ಆಗಾಗ ಸ್ವಲ್ಪ ಸ್ವಲ್ಪ ನೀರು ಕುಡಿಸಿ. ಬಿಸಿನೀರಿನ ಪಾತ್ರೆಯ ಹಬೆ ಬೇಡ, ಮಕ್ಕಳು ಸುಟ್ಟುಕೊಳ್ಳುತ್ತಾರೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ತಡಮಾಡದೆ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಮೂರು ವಾರ ದಾಟಿದರೆ ಮತ್ತೆ ಜಿಪಿಗೆ ತೋರಿಸಿ.

ಹ್ಯಾರೋ:
ಈ ದೇಶದಲ್ಲಿ ಎಲ್ಲದಕ್ಕೂ ಒಂದೇ ಮಂತ್ರ, ‘ಕಾದು ನೋಡಿ’! ದಾವಣಗೆರೆಯಲ್ಲಿ ರಾತ್ರಿ ಎಂಟಕ್ಕೂ ಡಾಕ್ಟರ್ ಸ್ಟೆತೋಸ್ಕೋಪ್ ಇಟ್ಟು ನೋಡಿ ಔಷಧಿ ಬರೆದುಕೊಡುತ್ತಾರೆ. ನಾವೆಲ್ಲ ಸಿರಪ್ ಕುಡಿದೇ ಬೆಳೆದವರಲ್ಲವೇ? ಮಗುವಿನ ಕಷ್ಟಕ್ಕೆ ಸ್ಪಂದಿಸದ ವ್ಯವಸ್ಥೆಯಲ್ಲಿ ಸಂಸಾರ ಕಟ್ಟುವುದಾದರೂ ಯಾಕೆ? ನಾವು ಮುಂದಿನ ವರ್ಷ ವಾಪಸ್ ಹೊರಡುತ್ತಿದ್ದೇವೆ. ಉಳಿದವರೂ ಯೋಚಿಸಿ.

ಮ್ಯಾಂಚೆಸ್ಟರ್:
ಕುಡಿದು ಬೆಳೆದೆವು ಎನ್ನುವುದು ವಾದವಲ್ಲ. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವು, 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಮಕ್ಕಳ ಸಾವು ಮರೆತಿರಾ? ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಸೇರಿ ಮೂತ್ರಪಿಂಡ ಕೆಟ್ಟವು. ಆಮೇಲೆ ಭಾರತ ಸರ್ಕಾರವೇ ಎರಡು ವರ್ಷದೊಳಗಿನವರಿಗೆ ಬೇಡ, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದಿತು.

ಹ್ಯಾರೋ:
ಯಾರೋ ಕಲಬೆರಕೆ ಮಾಡಿದರೆಂದು ಇಡೀ ದೇಶವನ್ನು ದೂಷಿಸುವುದೇ? ಇಲ್ಲಿ ತಜ್ಞರ ಭೇಟಿಗೆ ತಿಂಗಳುಗಟ್ಟಲೆ ಕಾಯುವುದರ ಬಗ್ಗೆ ಮಾತಾಡಿ.

ಲೀಡ್ಸ್:
ವಾಪಸ್ ಹೋಗುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಮಕ್ಕಳು ಸೆಕೆಂಡರಿ ಶಾಲೆಗೆ ಹೋಗುವ ಮೊದಲೇ ನಿರ್ಧರಿಸಿ. ನಾವು ಇವತ್ತು, ನಾಳೆ ಎನ್ನುತ್ತಲೇ ಉಳಿದೆವು. ಮಗಳು ಈಗ ಇಲ್ಲಿಯೇ ವೈದ್ಯೆ, ಹೆಮ್ಮೆಯಿದೆ. ಆದರೆ ಅಜ್ಜಿಯ ಕೊನೆಗಾಲದಲ್ಲಿ ಅವಳಿಗೆ ಕನ್ನಡದಲ್ಲಿ ನಾಲ್ಕು ಮಾತಾಡಲು ಬರಲಿಲ್ಲ.

ಮಿಲ್ಟನ್ ಕೀನ್ಸ್:
ಅದಕ್ಕೇ ನಮ್ಮ ಭಾನುವಾರದ ಕನ್ನಡ ತರಗತಿಗೆ ಕಳುಹಿಸಿ ಎನ್ನುವುದು.

ಸ್ಲೌ:
ಫಾರ್ಮಸಿಸ್ಟ್ ಮೇಡಂ, ತುಂಬಾ ಉಪಕಾರವಾಯಿತು. ಸಿರಪ್ ಮೇಲಿನ ಕಪಾಟಿಗೆ ಹೋಯಿತು. ಅಮ್ಮನಿಗೆ ಬೇಸರವಾಗಿದೆ, ದೊಡ್ಡಪತ್ರೆ ರಸವನ್ನಾದರೂ ಕೊಡಬಹುದೇ ಎನ್ನುತ್ತಿದ್ದಾರೆ.

ಹ್ಯಾರೋ:
ಬೆಂಗಳೂರಿನಲ್ಲಿ ಶಾಲೆಗಳ ಪ್ರವೇಶ ಯಾವಾಗ ಶುರುವಾಗುತ್ತದೆ, ಯಾರಿಗಾದರೂ ಗೊತ್ತೇ?