ಮಳೆಗಾಲ ಬಂದರೆ ಹಳೇ ಕಾರು ಸ್ಟಾರ್ಟ್ ಆಗುವುದಿಲ್ಲ

ಪ್ರಶ್ನೆ:
ನಮ್ಮದು ತೀರ್ಥಹಳ್ಳಿ ಹತ್ತಿರ. 1996ರ ಪೆಟ್ರೋಲ್ ಕಾರು, ಕಾರ್ಬುರೇಟರ್ ಇರುವುದು. ಅಪ್ಪ ತೆಗೆದುಕೊಂಡಿದ್ದು, ಮಾರಲು ಮನಸ್ಸಿಲ್ಲ. ಬೇಸಿಗೆಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಜುಲೈ ಬಂತು ಅಂದರೆ ಬೆಳಿಗ್ಗೆ ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಇಂಜಿನ್ ಮಾತ್ರ ಹಿಡಿಯುವುದೇ ಇಲ್ಲ. ಬಿಸಿಲು ಬಿದ್ದ ಮೇಲೆ ಸರಿಯಾಗುತ್ತದೆ. ಬ್ಯಾಟರಿ ಹೊಸದು. ಏನು ನೋಡಲಿ?

ಉತ್ತರ:
ಸೆಲ್ಫ್ ತಿರುಗುತ್ತಿದೆ ಅಲ್ವಾ, ಹಾಗಾದರೆ ಬ್ಯಾಟರಿ ಬಿಡಿ. ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟು ಹಂಚುವ ಭಾಗ) ಕ್ಯಾಪ್ ತೆಗೆದು ಒಳಗೆ ನೋಡಿ, ತೇವ ಕೂತಿರಬಹುದು. ಒಣ ಬಟ್ಟೆಯಿಂದ ಒರೆಸಿ. ಕೂದಲೆಳೆಯಂಥ ಬಿರುಕೋ ಕಪ್ಪು ಗೆರೆಯೋ ಕಂಡರೆ ಸುಮ್ನೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ಎರಡೂ ಬದಲಾಯಿಸಿ, ಯಾಕೆಂದರೆ ಕರೆಂಟು ಪ್ಲಗ್‌ಗೆ ಹೋಗದೆ ಆ ಗೆರೆ ಹಿಡಿದು ಸೋರಿಹೋಗುತ್ತದೆ.

ಇನ್ನೊಬ್ಬರು:
ಪ್ಲಗ್ ವೈರ್ ಮರೆಯಬೇಡಿ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಮನೆಯವರು ಸೆಲ್ಫ್ ಹೊಡೆಯುವಾಗ ದೂರ ನಿಂತು ನೋಡಿ. ವೈರ್ ಮೇಲೆ ನೀಲಿ ಕಿಡಿ ಓಡಿದರೆ ಕಳ್ಳ ಸಿಕ್ಕಿದ ಹಾಗೆ. ಕೈ ಮಾತ್ರ ಹಾಕಬೇಡಿ, ಸಾವಿರಾರು ವೋಲ್ಟ್ ಇರುತ್ತದೆ.

ಪ್ರಶ್ನೆ ಕೇಳಿದವರು:
ಕ್ಯಾಪ್ ಒಳಗೆ ಸಣ್ಣ ಬಿರುಕು ಇತ್ತು! ಬದಲಾಯಿಸಿದೆ. ಇವತ್ತು ಜಡಿಮಳೆಯಲ್ಲೂ ಎರಡನೇ ಸಲಕ್ಕೆ ಹಿಡಿಯಿತು, ಅಪ್ಪನಿಗೆ ತುಂಬಾ ಖುಷಿ. ವೈರ್ ಶಿವಮೊಗ್ಗದಿಂದ ತರಿಸುತ್ತೇನೆ. ಥ್ಯಾಂಕ್ಸ್ ಅಣ್ಣ.