ಹಿತ್ತಲಿನ ಕೊಳಕ್ಕೆ ಸಿಮೆಂಟಾ, ರಬ್ಬರ್ ಶೀಟಾ? ಕಲ್ಲು ಯಾವುದು?

ಹಿತ್ತಲಮನೆ:
ನಮಸ್ಕಾರ. ಮೈಸೂರಿನ ಮನೆ ಹಿತ್ತಲಲ್ಲಿ 10 ಅಡಿ ಉದ್ದ, 7 ಅಡಿ ಅಗಲ, 2 ಅಡಿ ಆಳದ ಕೊಳ ಮಾಡಿಸಬೇಕು. ಒಂದು ಬದಿಯಲ್ಲಿ 2 ಅಡಿ ಎತ್ತರದಿಂದ ನೀರು ಬೀಳಬೇಕು. ಗಾರೆಯವರು ಸಿಮೆಂಟಲ್ಲೇ ಮಾಡೋಣ ಅಂತಾರೆ. ಶಹಾಬಾದ್ ಕಲ್ಲು ಹತ್ತಿರದಲ್ಲೇ ಸಿಗುತ್ತೆ. ಮೀನೂ ಬಿಡೋದಿದೆ. ಕಟ್ಟಿಸಿದ್ದು ಅಂತ ಗೊತ್ತಾಗಬಾರದು.

ಕೆರೆದಂಡೆ:
ಒಂದಿಂಚು ಗಾರೆ ಬಳಿದರೆ ಮಣ್ಣು ಹಿಗ್ಗಿ ಕುಗ್ಗಿದಾಗ ಬಿರುಕು ಖಂಡಿತ. ಸಾಲದ್ದಕ್ಕೆ ಹೊಸ ಸಿಮೆಂಟಿನ ಸುಣ್ಣ ನೀರಿಗಿಳಿದು ಪಿಎಚ್ (ಕ್ಷಾರದ ಮಟ್ಟ) ಏರುತ್ತೆ, ಮೀನು ಉಳಿಯಲ್ಲ. 1 ಮಿ.ಮೀ. ಇಪಿಡಿಎಂ ರಬ್ಬರ್ ಶೀಟ್ ತಗೊಳ್ಳಿ. ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟು, ಮೇಲೆ ಅಂಚಿಗೆ 2 ಅಡಿ ಸೇರಿಸಿ: ನಿಮಗೆ 16 x 13 ಅಡಿ. ಜಲಪಾತಕ್ಕೆ ಬೇರೆ ತುಂಡು, ಅದರ ತುದಿ ಕೊಳದ ಶೀಟಿನ ಮೇಲೆ ಬರಬೇಕು. ಶೀಟಿನ ಕೆಳಗೆ 2 ಇಂಚು ಜರಡಿ ಹಿಡಿದ ಮಣ್ಣು, ಅದರ ಮೇಲೆ ಶೀಟ್ ಹರಿಯದಂತೆ ಹಾಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಹೆಗ್ಗಣದ ಕಾಟವಿದ್ದರೆ ಮಣ್ಣಿನ ಕೆಳಗೆ ತಂತಿಬಲೆ, ಅಂದರೆ ವೆಲ್ಡ್‌ಮೆಶ್.

ಕಾಡುಗಲ್ಲು:
ಶಹಾಬಾದ್ ಸುಣ್ಣದ ಕಲ್ಲು. ಬೋರ್‌ವೆಲ್ ನೀರು ಮೊದಲೇ ಗಡಸು, ಹಾಗಾಗಿ ಮೀನಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಆದರೆ ಸಪಾಟು ಚಪ್ಪಡಿ ಜೋಡಿಸಿದರೆ ಪಡಸಾಲೆ ನೆಲದ ಹಾಗೆ ಕಾಣುತ್ತೆ. ಒರಟು ಗ್ರಾನೈಟ್ ಕಾಡುಗಲ್ಲು ಒಂದೇ ಜಾತಿಯದ್ದು ತರಿಸಿ, ಗಾತ್ರ ಮಾತ್ರ ಬೇರೆಬೇರೆ ಇರಲಿ. ಒಂದೇ ಅಳತೆಯ ಕಲ್ಲು ಸುತ್ತ ಇಟ್ಟರೆ ಬಾವಿಕಟ್ಟೆ ಆಗಿಬಿಡುತ್ತೆ!

ಅಗೆಯುವಾಗಲೇ ದಡದಿಂದ 9 ಇಂಚು ಕೆಳಗೆ ಒಂದಡಿ ಅಗಲದ ಮೆಟ್ಟಿಲು ಬಿಡಿ. ದೊಡ್ಡ ಕಲ್ಲು ಅದರ ಮೇಲೆ ಅರ್ಧ ಮುಳುಗಿ ಕೂತರೆ ಶೀಟ್ ಕಾಣಲ್ಲ. ಕಲ್ಲಿನ ಹಿಂದೆ ಶೀಟಿನ ಅಂಚು ನೀರಿನ ಮಟ್ಟಕ್ಕಿಂತ 2 ಇಂಚು ಮೇಲೆ ನೆಟ್ಟಗೆ ನಿಲ್ಲಬೇಕು. ಮಲಗಿಸಿದರೆ ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ನೀರು ಎಳೆಯುತ್ತೆ, ಎಲ್ಲಿ ಸೋರುತ್ತಿದೆ ಅಂತ ಹುಡುಕುತ್ತಾ ಕೂರಬೇಕು.

ನೀರುಗಂಟಿ:
ನೀರು ಬೀಳುವ ಅಂಚಿನ ಪ್ರತಿ ಇಂಚು ಅಗಲಕ್ಕೆ ಗಂಟೆಗೆ ಸುಮಾರು 400 ಲೀಟರ್ ಬೇಕು. ಒಂದಡಿ ಅಂಚಿಗೆ 4,800. ಪಂಪಿನ ಡಬ್ಬದ ಮೇಲಿರುವ ಅಂಕಿ ನಂಬಬೇಡಿ, ಅದು ಎತ್ತರವೇ ಇಲ್ಲದಾಗಿನ ಲೆಕ್ಕ. ಪಟ್ಟಿಯಲ್ಲಿ 1 ಮೀಟರ್ ಎತ್ತರಕ್ಕೆ ಎಷ್ಟು ಬರುತ್ತೆ ನೋಡಿ. ಪೈಪ್ ಒಂದೂವರೆ ಇಂಚಿನದ್ದೇ ಇರಲಿ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದೆ ಪಂಪ್ ನೀರಿಗಿಳಿಸಬೇಡಿ.

ಅಂಚಿನ ಕಲ್ಲು 2 ಇಂಚು ಮುಂದೆ ಚಾಚಿರಲಿ, ಇಲ್ಲವಾದರೆ ನೀರು ಅಡಿಗೇ ತಿರುಗಿ ಗೋಡೆ ಹಿಡಿದು ಇಳಿಯುತ್ತೆ. ಕಲ್ಲಿನ ಸಂದಿಗಳನ್ನು ಉಬ್ಬಿ ಗಟ್ಟಿಯಾಗುವ ಕಪ್ಪು ಪಾಂಡ್ ಫೋಮ್‌ನಿಂದ ತುಂಬಿ.

ಹಿತ್ತಲಮನೆ:
ಕಿಟಕಿ ಚೌಕಟ್ಟಿಗೆ ಹಾಕೋ ಹಳದಿ ಫೋಮ್ ಆಗಲ್ವಾ?

ನೀರುಗಂಟಿ:
ಬಿಸಿಲು ಬಿದ್ದರೆ ಪುಡಿಪುಡಿ ಆಗುತ್ತೆ. ಕಪ್ಪನ್ನೇ ಹಾಕಿ, ಅಂಟಂಟು ಇರುವಾಗಲೇ ಮೇಲೆ ಮರಳು ಉದುರಿಸಿ.